ಏಳಡಿ ಎರಡಿಂಚು

ಉಪ್ಪಳದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ:
ಅಲ್ಯೂಮಿನಿಯಂ, ಗಾಜು, ಸೊಳ್ಳೆಜಾಲರಿ.
ನಿನ್ನೆ ಬೇಕರಿಯ ಮೊಯ್ದಿನಬ್ಬ ಬಂದಿದ್ದರು.
'ಒಂದು ಫ್ಯಾಮಿಲಿ ರೂಮು ಆಗಬೇಕು ಐತಪ್ಪ,
ಗಲ್ಫಿನಲ್ಲಿ ಇದ್ದ ಹಾಗೆ. ನಿನಗೆ ಗೊತ್ತುಂಟಲ್ಲ.'

ಗೊತ್ತುಂಟು.
ದಮ್ಮಾಮಿನಲ್ಲಿ ಹನ್ನೊಂದು ವರ್ಷ ಕಟ್ಟಿದ್ದು ಅದನ್ನೇ.
ಯಾವುದೋ ಚಳಿದೇಶದ ಕಾಫಿ ಕಂಪನಿ.
ಅವರ ಊರಲ್ಲಿ ಒಂದೇ ಬಾಗಿಲಂತೆ, ಒಂದೇ ಉದ್ದ ಮೇಜಂತೆ,
ಗುರುತಿಲ್ಲದವರು ಮೊಣಕೈಗೆ ಮೊಣಕೈ ತಾಗಿಸಿ ಕೂರುತ್ತಾರಂತೆ.
ಅಲ್ಲಿ ಮಾತ್ರ ಎರಡು ಬಾಗಿಲು, ಎರಡು ಕೌಂಟರು,
ನಡುವೆ ಏಳಡಿ ಎರಡಿಂಚು ಮಸುಕು ಗಾಜು.
ಅಷ್ಟೇ ಯಾಕೆ, ಕೇಳಿದ್ದೆ ಒಮ್ಮೆ.
ಕುರ್ಚಿ ಹತ್ತಿ ನಿಂತರೂ ಕಾಣಬಾರದು ಅಂದ ಫೋರ್‌ಮನ್.
ಕಾಫಿ ಕುಡಿಯಲು ಯಾರಪ್ಪ ಕುರ್ಚಿ ಹತ್ತುತ್ತಾರೆ?

ನಕ್ಷೆ ಬರೆದವಳು ಒಬ್ಬ ಹೆಂಗಸು, ಮಾರಿಟ್.
ಅಂಗಡಿ ತೆರೆದ ಮೂರನೆಯ ದಿನ ನೋಡಲು ಬಂದಳು,
ಕರಿ ಅಬಾಯ, ಅದರ ಕೆಳಗೆ ಗಂಡುಬೂಟು.
ಗಂಡಸರ ಕಡೆಗೆ ಅವಳು ಕಾಲಿಡುವಂತಿಲ್ಲ.
ತಾನೇ ಗೆರೆ ಎಳೆದ ಅರ್ಧ ಅಂಗಡಿ,
ತಾನೇ ಆರಿಸಿದ ದೀಪಗಳು,
ಅವಳ ಪಾಲಿಗೆ ಗಡಿಯಾಚೆ.
ಫೋನು ನನ್ನ ಕೈಗಿತ್ತಳು: ನೀನು ಹೋಗಿ ತೋರಿಸು.
ಹೋದೆ. ಮೂಲೆ ತೋರಿಸಿದೆ, ಮೇಜು ತೋರಿಸಿದೆ,
ಮುಖಗಳನ್ನು ಬಿಟ್ಟು ಲೋಟಗಳನ್ನು ತೋರಿಸಿದೆ.
ಗಾಜಿನಾಚೆಯಿಂದ ಒಮ್ಮೆ, ಫೋನಿನೊಳಗಿಂದ ಒಮ್ಮೆ,
ಎರಡೆರಡು ಸಲ ಕೇಳಿತು ಅವಳ ದನಿ:
'ಆ ದೀಪ ಸ್ವಲ್ಪ ಕೆಳಗಾಯಿತು.'

ಹಿಂದೆ ಬಾಯಾರಿನ ಬೀಡಿ ಬ್ರಾಂಚಿನಲ್ಲಿ
ಅಮ್ಮ ಕಿಟಕಿಯ ಹೊರಗೆ, ತಲೆಯ ಮೇಲೆ ಸೆರಗು.
ಒಳಗೆ ಗಂಡಸರು ಅವಳ ಕಟ್ಟುಗಳನ್ನು ಹಿಸುಕಿ ನೋಡಿ
ಬೇಡದ್ದನ್ನು ಮೂಲೆಗೆ ಬಿಸಾಡುತ್ತಿದ್ದರು.
ಆರು ವರ್ಷದ ನನ್ನನ್ನು ಒಳಗೆ ನೂಕುತ್ತಿದ್ದಳು:
'ಹೋಗು, ಎಷ್ಟು ಬಿಸಾಡಿದರು, ಎಣಿಸಿ ಬಾ.'
ನನಗೆ ಇಪ್ಪತ್ತರ ಮೇಲೆ ಲೆಕ್ಕ ಬರುತ್ತಿರಲಿಲ್ಲ.

ಸಿಟ್ಟು ಬರುವುದಿಲ್ಲವಾ ಮೇಡಂ, ಕೇಳಿದೆ ಹೊರಡುವಾಗ.
'ಹೋದ ದೇಶದ ಕಾನೂನು ಪಾಲಿಸುತ್ತೇವೆ'
ಅಂದಳು, ಬಾಯಿಪಾಠ ಒಪ್ಪಿಸಿದ ಹಾಗೆ.
ಆಮೇಲೆ ನಕ್ಕಳೋ ಏನೋ.
'ಗಾಜು ಚೆನ್ನಾಗಿ ಕೂತಿದೆ. ಒಂದು ಬಿರುಕೂ ಇಲ್ಲ.'

ಇನ್ನೊಂದು ಚಳಿಗಾಲಕ್ಕೆ ಕಾನೂನು ಬದಲಾಯಿತು.
ಬಿಚ್ಚಲಿಕ್ಕೂ ನಾನೇ.
ಕಟ್ಟಲು ನಾಲ್ಕು ದಿನ ಹಿಡಿದದ್ದು ಒಂದೇ ರಾತ್ರಿಯಲ್ಲಿ ಲಾರಿ ಹತ್ತಿತು.
ನೆಲದಲ್ಲಿ ಉಳಿದದ್ದು ತೂತುಗಳ ಸಾಲು,
ಬೆಳಕು ಕಾಣದ ಟೈಲಿನ ಒಂದು ಬಿಳಿ ಪಟ್ಟಿ.
ಬೆಳಿಗ್ಗೆ ಬಂದವರು ಅದನ್ನು ದಾಟಲಿಲ್ಲ.
ಯಾರೂ ತಡೆಯಲಿಲ್ಲ, ಯಾರೂ ದಾಟಲಿಲ್ಲ.
ಹನ್ನೆರಡು ಗಂಟೆಗೆ ಒಂದು ಮಗು ದಾಟಿತು,
ಉರುಳಿಹೋದ ಸ್ಟ್ರಾ ಹೆಕ್ಕಲು.
ಕಂಪನಿಯವರು ದೊಡ್ಡ ಪೋಸ್ಟರು ಹಾಕಿದರು:
ಮೊದಲಿನಿಂದಲೂ ನಮ್ಮದು ಒಂದೇ ಮೇಜು.

ಇವತ್ತು ಬೇಕರಿಗೆ ಅಳತೆಗೆ ಹೋದೆ.
'ನನಗೇನು, ಗಿರಾಕಿಗಳು ಕೇಳ್ತಾರೆ' ಅಂದರು ಮೊಯ್ದಿನಬ್ಬ.
ಬೋರ್ಡು ಮಲಯಾಳದಲ್ಲೋ ಕನ್ನಡದಲ್ಲೋ?
'ಎರಡರಲ್ಲೂ ಬರೆ ಮಾರಾಯ,
ಫ್ಯಾಮಿಲಿ ಎಲ್ಲಿಯೂ ಫ್ಯಾಮಿಲಿಯೇ.'

ಮೂಲೆ ಮೇಜಿನಲ್ಲಿ ಕಾಲೇಜಿನ ಮೂವರು ಹುಡುಗಿಯರು,
ಒಂದು ಪಫ್ಸು, ಮೂರು ಪಾಲು.
ಟೇಪು ಎಳೆದೆ. ಒಬ್ಬಳು ಕತ್ತು ಚಾಚಿದಳು:
'ಅಂಕಲ್, ಅಲ್ಲಿ ಎಂತ ಬರ್ತದೆ?
ನಮಗೆ ಬಸ್ಸು ಕಾಣುವುದು ಅಲ್ಲಿಂದಲೇ.'

ಅಡ್ವಾನ್ಸು ಎರಡು ಸಾವಿರ ಜೇಬಿನಲ್ಲಿತ್ತು.
ಉದ್ದ ಬರೆದೆ, ಅಗಲ ಬರೆದೆ.
ಎತ್ತರದ ಕಡೆ ಪೆನ್ಸಿಲು ಊರಿ ನಿಂತೆ.
ಹೊಸಂಗಡಿ ಬಸ್ಸು ಬಂತು.
ನನಗಿಂತ ಮೊದಲು ಅವರು ಕಂಡರು,
ಪುಡಿ ಕೊಡವಿಕೊಂಡು ಎದ್ದರು.